ಓವರ್‌ಹೆಡ್ ಪ್ರೆಸ್: ರಾಡ್ ನೇರ ಹೋಗಲಿ, ತಲೆ ದಾರಿ ಬಿಡಲಿ

ಭುಜಕ್ಕೆ ಒಂದೇ ಒಂದು ವ್ಯಾಯಾಮ ಹೇಳಿ ಅಂತ ಯಾರಾದರೂ ಕೇಳಿದರೆ ನಾನು ಓವರ್‌ಹೆಡ್ ಪ್ರೆಸ್ ಹೇಳುತ್ತೇನೆ. ನೆಟ್ಟಗೆ ನಿಂತು, ಎದೆಯ ಮೇಲ್ಭಾಗದಲ್ಲಿ ಹಿಡಿದ ರಾಡನ್ನು ತಲೆಯ ಮೇಲಕ್ಕೆ ತಳ್ಳಬೇಕು. ಕೈ ಪೂರ್ತಿ ನೇರವಾದ ಮೇಲೆ ಮತ್ತೆ ಎದೆಗೆ ಇಳಿಸಬೇಕು. ಅಷ್ಟೇ ವ್ಯಾಯಾಮ. ನಮ್ಮ ಜಿಮ್‌ಗಳಲ್ಲಿ ಇದಕ್ಕೆ ಮಿಲಿಟರಿ ಪ್ರೆಸ್ ಅಂತಲೂ, ಸುಮ್ನೆ ಶೋಲ್ಡರ್ ಪ್ರೆಸ್ ಅಂತಲೂ ಹೇಳುತ್ತಾರೆ. ಅಟ್ಟದ ಮೇಲೆ ಅಕ್ಕಿ ಡಬ್ಬ ಇಡುವಾಗ, ರೈಲಿನ ಮೇಲಿನ ಬರ್ತ್‌ಗೆ ಸೂಟ್‌ಕೇಸ್ ಏರಿಸುವಾಗ ಬೇಕಾಗುವ ಬಲ ಇದೇ.

ಆದರೆ "ಪ್ರೆಸ್ ಮಾಡಿದೆ, ಭುಜ ನೋವು ಬಂತು, ಬಿಟ್ಟೆ" ಅನ್ನುವವರು ತುಂಬಾ ಜನ ಸಿಗುತ್ತಾರೆ. ಅವರು ಮಾಡುವುದನ್ನು ಬದಿಯಲ್ಲಿ ನಿಂತು ನೋಡಿದರೆ ಬಹುಪಾಲು ಒಂದೇ ಕಾರಣ ಕಾಣುತ್ತದೆ. ರಾಡ್ ಎದೆಯಿಂದ ಹೊರಟು, ಮುಖವನ್ನು ಬಳಸಿಕೊಂಡು, ಅರ್ಧ ಸುತ್ತು ಹಾಕಿ ಮೇಲೆ ಹೋಗುತ್ತದೆ. ಮುಖ ಇದ್ದಲ್ಲೇ ಇರುತ್ತದೆ. ಇದು ತಿರುಗುಮುರುಗು ಆಗಬೇಕು. ರಾಡ್ ನೇರ ಹೋಗಬೇಕು, ಮುಖ ಹಿಂದಕ್ಕೆ ಸರಿದು ದಾರಿ ಬಿಡಬೇಕು. ಈ ಒಂದು ಮಾತು ಮೈಗೆ ಹತ್ತಿದರೆ ಉಳಿದದ್ದನ್ನು ಕಲಿಯುವುದು ಸುಲಭ.

ಮೊದಲು ಬರಿಗೈ ಮೇಲೆ ಹೋಗುತ್ತಾ ನೋಡಿ

ವೇಟ್ ಎತ್ತುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದೆ ಇರಲಿ. ತಲೆ, ಬೆನ್ನಿನ ಮೇಲ್ಭಾಗ, ಪೃಷ್ಠ ಗೋಡೆಗೆ ತಾಗಿರಲಿ. ಕೆಳಬೆನ್ನಿನ ಹಿಂದೆ ಅಂಗೈ ತೂರುವಷ್ಟು ಸಂದು ಸಾಕು. ಈಗ ಮೊಣಕೈ ಮಡಚದೆ ಎರಡೂ ಕೈ ಮುಂದಿನಿಂದ ಮೇಲಕ್ಕೆತ್ತಿ, ಹೆಬ್ಬೆರಳನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿತಾ? ಮುಟ್ಟುವಾಗ ಪಕ್ಕೆಲುಬು ಉಬ್ಬಿ, ಕೆಳಬೆನ್ನು ಗೋಡೆಯಿಂದ ಇನ್ನೂ ದೂರ ಹೋಯಿತಾ? ಹೋದರೆ ನಿಮ್ಮ ಕೈ ಇನ್ನೂ ಪೂರ್ತಿ ಮೇಲೆ ಹೋಗುತ್ತಿಲ್ಲ. ಕೊರತೆಯನ್ನು ಬೆನ್ನು ತುಂಬಿಕೊಡುತ್ತಿದೆ. ತಲೆ ಮೇಲೆ 30 ಕೆಜಿ ಇದ್ದಾಗಲೂ ಅದು ಹಾಗೇ ಮಾಡುತ್ತದೆ.

ದಿನವಿಡೀ ಲ್ಯಾಪ್‌ಟಾಪ್ ಮುಂದೆ ಬಾಗಿ ಕೂರುವವರಲ್ಲಿ, ಬೈಕ್ ಮೇಲೆ ಗಂಟೆಗಟ್ಟಲೆ ಓಡಾಡುವವರಲ್ಲಿ ಇದು ಸಾಮಾನ್ಯ. ಕೈ ತಲೆ ಮೇಲೆ ಹೋಗುವಾಗ ಭುಜದ ಕೀಲು ಒಂದೇ ತಿರುಗುವುದಿಲ್ಲ. ಸುಮಾರು 180 ಡಿಗ್ರಿಯಲ್ಲಿ 120ರಷ್ಟು ಕೀಲಿನಿಂದ ಬಂದರೆ, ಉಳಿದ 60ರಷ್ಟು ಬೆನ್ನಿನ ಮೇಲಿರುವ ತ್ರಿಕೋನದ ರೆಕ್ಕೆ ಮೂಳೆ ತಿರುಗುವುದರಿಂದ ಬರುತ್ತದೆ. ಮೇಲ್ಬೆನ್ನು ಗೂನಾಗಿದ್ದರೆ ಆ ಮೂಳೆಗೆ ಸರಾಗವಾಗಿ ಜಾರಲು ಆಗುವುದಿಲ್ಲ.

ಇದಕ್ಕೆ ಪರಿಹಾರ ಇದೆ. ದಪ್ಪ ಟವೆಲ್ ಒಂದನ್ನು ಸುರುಳಿ ಸುತ್ತಿ ಮೇಲ್ಬೆನ್ನಿನ ಅಡಿಗೆ ಅಡ್ಡವಾಗಿಟ್ಟು, ಕೈ ತಲೆಯ ಹಿಂದಕ್ಕೆ ಚಾಚಿ ಎರಡು ನಿಮಿಷ ಮಲಗಿ. ಆಮೇಲೆ ಪುಲ್ ಅಪ್ ರಾಡ್‌ಗೆ 20-30 ಸೆಕೆಂಡ್ ಜೋತು ಬೀಳಿ. ಕಾಲು ನೆಲಕ್ಕೆ ತಾಗಿದ್ದರೂ ಪರವಾಗಿಲ್ಲ. ವಾರಕ್ಕೆ ಮೂರ್ನಾಲ್ಕು ದಿನ ಇದನ್ನು ಬಿಡದೆ ಮಾಡಿ. ಅಲ್ಲಿವರೆಗೆ ರಾಡ್‌ನ ಒಂದು ತುದಿಯನ್ನು ಗೋಡೆಯ ಮೂಲೆಗೆ ಒತ್ತಿಟ್ಟು, ಇನ್ನೊಂದು ತುದಿಯನ್ನು ಓರೆಯಾಗಿ ಮೇಲೆ ತಳ್ಳುವ ಲ್ಯಾಂಡ್‌ಮೈನ್ ಪ್ರೆಸ್ ಮಾಡಬಹುದು. ಅದರಲ್ಲಿ ಕೈ ಪೂರ್ತಿ ನೆಟ್ಟಗಾಗಬೇಕಿಲ್ಲ, ಭುಜಕ್ಕೂ ಒಳ್ಳೆಯ ಕೆಲಸ ಸಿಗುತ್ತದೆ.

ರಾಡ್, ಪ್ಲೇಟ್, ಸೀಲಿಂಗ್ ಫ್ಯಾನ್

ಒಲಿಂಪಿಕ್ ರಾಡ್ 20 ಕೆಜಿ ತೂಗುತ್ತದೆ, 2.2 ಮೀಟರ್ ಉದ್ದ ಇರುತ್ತದೆ. ಮಹಿಳೆಯರ ಸ್ಪರ್ಧೆಯ ರಾಡ್ 15 ಕೆಜಿ. ಅದರ ಹಿಡಿಯುವ ಭಾಗ 28 ಮಿ.ಮೀ. ಬದಲು 25 ಮಿ.ಮೀ. ದಪ್ಪ, ಹಾಗಾಗಿ ಸಣ್ಣ ಕೈಯವರಿಗೆ ಹಿಡಿತ ಚೆನ್ನಾಗಿ ಸಿಗುತ್ತದೆ. ಆದರೆ ಏರಿಯಾ ಜಿಮ್‌ಗಳಲ್ಲಿರುವ ಸಪೂರ ರಾಡ್ 7 ಕೆಜಿಯೂ ಇರಬಹುದು, 12 ಕೆಜಿಯೂ ಇರಬಹುದು. ಅಂದಾಜು ಬೇಡ. ರಾಡ್ ಹಿಡಿದು ತೂಕದ ಮೆಷಿನ್ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಪ್ರೆಸ್‌ನಲ್ಲಿ ಎರಡು ಕೆಜಿ ವ್ಯತ್ಯಾಸವೂ ದೊಡ್ಡದು.

ಪ್ಲೇಟ್ ಹಾಕಿದ ಮೇಲೆ ಎರಡೂ ಕಡೆ ಕ್ಲಿಪ್ ಹಾಕಲೇಬೇಕು. ರಾಡ್ ಸ್ವಲ್ಪ ವಾಲಿದರೂ ಪ್ಲೇಟ್ ಜಾರುತ್ತದೆ, ಒಂದು ಕಡೆ ಖಾಲಿಯಾದರೆ ಇನ್ನೊಂದು ಕಡೆ ಧಡಾರನೆ ಕೆಳಗೆ ಬರುತ್ತದೆ. ಹೆಚ್ಚು ಮೆತ್ತಗಿರುವ ರನ್ನಿಂಗ್ ಶೂ ಬೇಡ, ಒತ್ತಿದರೆ ತಗ್ಗುವ ಅಡಿಯ ಮೇಲೆ ನಿಂತರೆ ಮೈ ಓಲಾಡುತ್ತದೆ. ಕ್ಯಾನ್ವಾಸ್ ಶೂ ಸಾಕು, ಬರಿಗಾಲೂ ಆದೀತು.

ಮನೆಯಲ್ಲಿ ಮಾಡುವವರು ಮೊದಲು ಮೇಲೆ ನೋಡಿ. ಐದೂವರೆ ಅಡಿ ಎತ್ತರದವರು ಮುಷ್ಟಿ ಹಿಡಿದು ಕೈ ಎತ್ತಿದರೆ ಏಳು ಅಡಿ ಹತ್ತಿರಕ್ಕೆ ಹೋಗುತ್ತದೆ. ಅದಕ್ಕೆ ಪ್ಲೇಟಿನ ಅರ್ಧ ಅಗಲ ಸೇರಿಸಿ. ಬಾಡಿಗೆ ಮನೆಯ ಹಾಲ್‌ನಲ್ಲಿ ಫ್ಯಾನ್ ತಿರುಗುವುದು ಅಲ್ಲಿಂದ ಎಷ್ಟು ದೂರ? ಸಂಶಯ ಇದ್ದರೆ ಟೆರೇಸ್‌ಗೆ ಹೋಗಿ.

ಹಿಡಿಯುವುದು, ನಿಲ್ಲುವುದು

ಸ್ಟ್ಯಾಂಡ್‌ನಲ್ಲಿ ರಾಡ್ ನಿಮ್ಮ ಕಂಕುಳಿನ ಎತ್ತರಕ್ಕೆ ಇರಲಿ. ಮೊಣಕಾಲು ಸ್ವಲ್ಪ ಬಗ್ಗಿಸಿ ಅದರಡಿ ಸೇರಿ, ಎದ್ದು ನಿಂತರೆ ರಾಡ್ ಕೈಗೆ ಬರಬೇಕು. ತುದಿಗಾಲಲ್ಲಿ ನಿಂತು ತೆಗೆಯುವಂತೆ ಇರಬಾರದು.

ಕೈ ಎಷ್ಟು ಅಗಲ? ಭುಜದ ಹೊರ ಅಂಚಿಗಿಂತ ಒಂದೆರಡು ಬೆರಳು ಆಚೆಯಿಂದ ಶುರು ಮಾಡಿ. ರಾಡ್ ಎದೆಯ ಮೇಲಿದ್ದಾಗ ಕನ್ನಡಿಯಲ್ಲಿ ನೋಡಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈ ನೆಟ್ಟಗೆ ಕಾಣಬೇಕು. ಒಳಗೋ ಹೊರಗೋ ವಾಲಿದ್ದರೆ ಒಂದು ಬೆರಳು ಸರಿಸಿ. ಬೆಂಚಿನ ಮೇಲೆ ಮಲಗಿ ರಾಡ್ ತಳ್ಳುವ ಬೆಂಚ್ ಪ್ರೆಸ್‌ನ ಅಗಲವನ್ನೇ ಇಲ್ಲಿಗೂ ತರುವವರಿದ್ದಾರೆ. ಅದು ಭುಜಕ್ಕೆ ಹಿತವಲ್ಲ.

ಈಗ ಹಿಡಿತ. ಇದಕ್ಕೆ ಸ್ವಲ್ಪ ಸಮಯ ಕೊಡಿ, ಯಾಕಂದ್ರೆ ಮಣಿಕಟ್ಟಿನ ನೋವೆಲ್ಲ ಇಲ್ಲಿಂದಲೇ ಶುರುವಾಗುವುದು. ರಾಡ್ ಬೆರಳುಗಳ ಬುಡದಲ್ಲಿ ಕೂತರೆ ಅದರ ಭಾರಕ್ಕೆ ಮಣಿಕಟ್ಟು ಹಿಂದಕ್ಕೆ ಮುರಿದುಕೊಳ್ಳುತ್ತದೆ. ರಾಡ್ ಅಂಗೈಯಲ್ಲಿ ಓರೆಯಾಗಿ ಕೂರಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿನಿಂದ ಕಿರುಬೆರಳಿನ ಕಡೆಯ ಅಂಗೈ ಬುಡಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆಯ ಮೇಲೆ ರಾಡ್ ಇಡಿ. ಕೈಯನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಹಿಡಿದರೆ ತಾನಾಗಿಯೇ ಹಾಗೆ ಕೂರುತ್ತದೆ. ಆಗ ಭಾರ ನೇರ ಮುಂಗೈ ಮೂಳೆಗಳ ಮೇಲೆ ಇಳಿಯುತ್ತದೆ. ಹೆಬ್ಬೆರಳನ್ನು ರಾಡ್ ಸುತ್ತ ಸುತ್ತಿ ಗಟ್ಟಿಯಾಗಿ ಹಿಡಿಯಿರಿ. ಹೆಬ್ಬೆರಳು ಸುತ್ತದೆ ಹಿಡಿಯುವುದನ್ನು ಬೇರೆಯವರು ಮಾಡುತ್ತಿದ್ದರೂ ನೀವು ಮಾಡಬೇಡಿ. ಬೆವರಿದ ಅಂಗೈಯಿಂದ ರಾಡ್ ಜಾರಿದರೆ ಅದರ ಕೆಳಗಿರುವುದು ನಿಮ್ಮ ತಲೆ.

ಬದಿಯಿಂದ ನೋಡಿದರೆ ಮೊಣಕೈ ರಾಡ್‌ಗಿಂತ ಒಂದು ಚೂರು ಮುಂದೆ ಇರಬೇಕು. ಹಿಂದೆ ಇದ್ದರೆ ರಾಡ್ ಹೊರಟ ಕೂಡಲೇ ಮುಂದಕ್ಕೆ ಓಡುತ್ತದೆ. ರಾಡ್ ಎದೆಯ ಮೇಲ್ಭಾಗಕ್ಕೆ ತಾಗಿರಲಿ. ಮುಂಗೈ ಉದ್ದ ಇರುವವರಿಗೆ ಅದು ಅಲ್ಲಿಗೆ ಮುಟ್ಟದೆ ಗಲ್ಲದ ಹತ್ತಿರ ನಿಲ್ಲಬಹುದು. ಅವರು ಅಲ್ಲಿಂದಲೇ ಶುರು ಮಾಡಲಿ, ಒತ್ತಾಯದಿಂದ ಇಳಿಸಬೇಕಿಲ್ಲ.

ಎರಡು ಹೆಜ್ಜೆ ಹಿಂದೆ ಬಂದು ಪಾದಗಳನ್ನು ಸೊಂಟದ ಅಗಲಕ್ಕೆ ಇಡಿ. ಮೊಣಕಾಲು ನೇರ. ತೊಡೆ ಬಿಗಿ, ಪೃಷ್ಠ ಬಿಗಿ. ಇದನ್ನು ಹೇಳಿದಾಗ "ಭುಜದ ವ್ಯಾಯಾಮಕ್ಕೆ ಕಾಲು ಯಾಕೆ?" ಅಂತ ಕೇಳುತ್ತಾರೆ. ಒಮ್ಮೆ ಸಡಿಲವಾಗಿ ನಿಂತು ತಳ್ಳಿ, ಇನ್ನೊಮ್ಮೆ ಪೃಷ್ಠ ಬಿಗಿ ಮಾಡಿ ತಳ್ಳಿ. ಅದೇ ವೇಟ್ ಹಗುರ ಅನಿಸುತ್ತದೆ. ಸೊಂಟ ಅಲುಗಾಡದಿದ್ದರೆ ಭುಜಕ್ಕೆ ತಳ್ಳಲು ಗಟ್ಟಿ ನೆಲೆ ಸಿಗುತ್ತದೆ.

ಕೊನೆಗೆ ಉಸಿರು. ಎದೆ ಉಬ್ಬಿಸಬೇಡಿ, ಹೊಟ್ಟೆಗೆ ತುಂಬಿಕೊಳ್ಳಿ. ಬೆಲ್ಟ್ ಕಟ್ಟುವ ಜಾಗದಲ್ಲಿ ಮುಂದೆ, ಪಕ್ಕ, ಹಿಂದೆ ಮೂರೂ ಕಡೆ ಬಿಗಿಯಾಗಬೇಕು. ಆ ಬಿಗಿಯನ್ನು ಹಿಡಿದೇ ರಾಡ್ ಮೇಲೆ ತಳ್ಳಿ. ಬಿಪಿ ಇರುವವರು, ಹೃದಯದ ತೊಂದರೆ ಇರುವವರು ಹೀಗೆ ಉಸಿರು ಹಿಡಿಯಬಾರದು. ಅವರು ಡಾಕ್ಟರ್ ಹತ್ತಿರ ಕೇಳಿಕೊಂಡು, ಹಗುರ ವೇಟ್‌ನಲ್ಲಿ, ತಳ್ಳುವಾಗ ನಿಧಾನವಾಗಿ ಉಸಿರು ಬಿಡುತ್ತಾ ಮಾಡಲಿ.

ಮೇಲೆ ಹೋಗುವ ದಾರಿ

ಗಲ್ಲವನ್ನು ಹಿಂದಕ್ಕೆ ಎಳೆದುಕೊಳ್ಳಿ. ಸೀಲಿಂಗ್ ಕಡೆ ನೋಡಬೇಡಿ, ದೃಷ್ಟಿ ಎದುರಿಗೇ ಇರಲಿ. ಮುಖ ಒಂದಿಷ್ಟು ಹಿಂದೆ ಸರಿದರೆ ಸಾಕು, ರಾಡ್‌ಗೆ ದಾರಿಯಾಯಿತು. ಈಗ ತಳ್ಳಿ. ರಾಡ್ ಮೂಗಿನ ತುದಿಯಿಂದ ಒಂದು ಇಂಚು ದೂರದಲ್ಲಿ ಹಾದು ಹೋಗಬೇಕು. ಹೊಸಬರಿಗೆ ಇದು ಭಯ ಹುಟ್ಟಿಸುತ್ತದೆ. ಮೂಗಿಗೆ ಹೊಡೆಯುತ್ತೇನೋ ಅಂತ ರಾಡನ್ನು ಮುಂದಕ್ಕೆ ತಳ್ಳುತ್ತಾರೆ. ಅಲ್ಲೇ ಆ ಸುತ್ತು ದಾರಿ ಶುರುವಾಗುವುದು.

ರಾಡ್ ಹಣೆ ದಾಟಿದ ಕ್ಷಣ ತಲೆ ವಾಪಸ್ ಮುಂದೆ ಬರಬೇಕು, ಎರಡು ತೋಳುಗಳ ನಡುವೆ. ಎದೆಯೂ ಒಂದಿಷ್ಟು ಮುಂದೆ ಬಂದು ಇಡೀ ಮೈ ರಾಡ್‌ನ ಅಡಿಗೆ ಸೇರುತ್ತದೆ. ಕೈ ಪೂರ್ತಿ ನೇರವಾದಾಗ ಬದಿಯಿಂದ ನೋಡಿದರೆ ರಾಡ್, ಭುಜ, ಸೊಂಟ, ಪಾದದ ನಡುಭಾಗ ಒಂದೇ ಗೆರೆಯಲ್ಲಿರಬೇಕು. ತಲೆ ಮೇಲೆ ತುಂಬಿದ ಕೊಡ ಹೊತ್ತು ನಡೆಯುವವರ ಕತ್ತು, ಬೆನ್ನು, ಸೊಂಟ ಹೇಗೆ ಒಂದರ ಮೇಲೊಂದು ಕೂತಿರುತ್ತದೋ ಹಾಗೆ. ಭಾರ ಆ ಗೆರೆಯಿಂದ ಒಂದು ಗೇಣು ಮುಂದೆ ಹೋದರೆ ಅದನ್ನು ತಡೆದು ಹಿಡಿಯುವ ಕೆಲಸ ಭುಜದ ಮುಂಭಾಗಕ್ಕೂ ಕೆಳಬೆನ್ನಿಗೂ ಬೀಳುತ್ತದೆ. ಒಂದು ರೆಪ್‌ನಲ್ಲಿ, ಅಂದರೆ ಒಮ್ಮೆ ಎತ್ತಿ ಇಳಿಸಿದರೆ ಗೊತ್ತಾಗದು, ದಿನ ಹೋದ ಹಾಗೆ ಗೊತ್ತಾಗುತ್ತದೆ.

ಇದನ್ನು ಕಲಿಸಲು ನನಗೆ ಗೋಡೆಗಿಂತ ಒಳ್ಳೆ ಮೇಷ್ಟ್ರು ಸಿಕ್ಕಿಲ್ಲ. ಒಬ್ಬ ಹುಡುಗ 40 ಕೆಜಿ ಹಾಕಿಕೊಂಡು ತಳ್ಳುತ್ತಿದ್ದ. ಪ್ರತಿ ಸಲವೂ ರಾಡ್ ಮುಖದಿಂದ ಒಂದು ಅಡಿ ಮುಂದೆ ಹೋಗಿ ಆಮೇಲೆ ಮೇಲೇರುತ್ತಿತ್ತು, ನಾಲ್ಕನೇ ರೆಪ್‌ಗೆ ಸೊಂಟ ಬಳುಕುತ್ತಿತ್ತು. ರಾಡ್ ಇಳಿಸಿ, ಮಾಪ್ ಕೋಲು ಕೊಟ್ಟು, ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಕಾಲ್ಬೆರಳಿಗೂ ಗೋಡೆಗೂ ನಾಲ್ಕು ಬೆರಳು ಅಂತರ. "ಗೋಡೆಗೆ ಕೋಲು ತಾಗದ ಹಾಗೆ ಮೇಲೆತ್ತು" ಅಂದೆ. ಮೊದಲ ಸಲ ಠಕ್ ಅಂತ ಗೋಡೆಗೆ ಹೊಡೆಯಿತು. ಎರಡನೇ ಸಲವೂ. ಆಮೇಲೆ ಅವನೇ ಗಲ್ಲ ಹಿಂದೆ ಎಳೆದುಕೊಂಡ. ಕೋಲು ಸರ್ರನೆ ಮೇಲೆ ಹೋಯಿತು. ಆಮೇಲೆ 25 ಕೆಜಿ ಕೊಟ್ಟರೆ ರಾಡ್ ಮುಖದ ಪಕ್ಕದಲ್ಲೇ ಏರಿತು. ನೀವೂ ಕೋಲು ಹಿಡಿದು ಗೋಡೆ ಮುಂದೆ ಹತ್ತು ಸಲ ಮಾಡಿ, ಆಮೇಲೆ ರಾಡ್ ಮುಟ್ಟಿ.

ಕೈ ನೇರವಾದ ಮೇಲೆ ಇನ್ನೊಂದು ಕೆಲಸ ಬಾಕಿ ಇದೆ. ಭುಜವನ್ನು ಕಿವಿಯ ಕಡೆ ಎತ್ತಬೇಕು. ಇಲ್ಲಿ ತುಂಬಾ ಜನ ತಡೆಯುತ್ತಾರೆ.

"ಸರ್, ಭುಜ ಕೆಳಗೆ ಎಳ್ಕೊಂಡೇ ಇರ್ಬೇಕಲ್ವಾ?"

ಬೆಂಚ್ ಪ್ರೆಸ್‌ನಲ್ಲಿ ಹೌದು, ಇಲ್ಲಿ ಅಲ್ಲ. ಮೇಲ್ತೋಳಿನ ಮೂಳೆಗೂ ಭುಜದ ಚಾವಣಿಯಂತಿರುವ ಮೂಳೆಗೂ ನಡುವೆ ಸಣ್ಣ ಸಂದು ಇದೆ. ಅದರಲ್ಲಿ ಸ್ನಾಯುವಿನ ಎಳೆಯೊಂದು ಹಾದು ಹೋಗುತ್ತದೆ. ಕೈ ಮೇಲೇರಿದ ಹಾಗೆ ರೆಕ್ಕೆ ಮೂಳೆ ತಿರುಗಿ, ಆ ಚಾವಣಿ ಮೂಳೆಯನ್ನೂ ಮೇಲಕ್ಕೆ ಒಯ್ಯಬೇಕು. ನೀವು ಹಟ ಹಿಡಿದು ಭುಜವನ್ನು ಕೆಳಗೆ ಎಳೆದರೆ ಈ ತಿರುಗುವಿಕೆ ನಿಲ್ಲುತ್ತದೆ. ತಲೆ ಮೇಲೆ ಕೈ ಎತ್ತಿಯೂ ಭುಜ ಕೆಳಗೆ ಇಡುವುದು ದೇಹದ ರಚನೆಗೆ ವಿರುದ್ಧ. ಹಾಗಾಗಿ ಮೇಲೆ ತಲುಪಿದ ಮೇಲೆ ರಾಡನ್ನು ಇನ್ನೂ ಅರ್ಧ ಇಂಚು ಮೇಲೆ ತಳ್ಳುತ್ತಿರುವಂತೆ ಇರಿ.

ಇಳಿಸುವಾಗ ಅದೇ ದಾರಿ, ಉಲ್ಟಾ. ಎರಡು ಸೆಕೆಂಡ್ ತೆಗೆದುಕೊಳ್ಳಿ, ರಾಡ್ ಬಂದಾಗ ಗಲ್ಲ ಸರಿಯಲಿ. ಎದೆಗೆ ತಾಗಿದ ಮೇಲೆ ಉಸಿರು ಬದಲಿಸಿ, ಮತ್ತೆ ಬಿಗಿ ಮಾಡಿ. ಹಣೆಯವರೆಗೆ ಇಳಿಸಿ ವಾಪಸ್ ತಳ್ಳುವ ಅರ್ಧ ರೆಪ್ ಬೇಡ.

ಬೆನ್ನು ಹಿಂದೆ ವಾಲುವುದು

ವೇಟ್ ಜಾಸ್ತಿ ಆದಾಗ ಎಲ್ಲರ ಮೈಯೂ ಹಿಂದೆ ವಾಲಲು ನೋಡುತ್ತದೆ. ಹಿಂದೆ ವಾಲಿದರೆ ಎದೆಯ ಸ್ನಾಯು ಸಹಾಯಕ್ಕೆ ಬರುತ್ತದೆ, ಅದಕ್ಕೇ ಸುಲಭ ಅನಿಸುತ್ತದೆ. ಆದರೆ ಆಗ ನೀವು ನಿಂತುಕೊಂಡೇ ಬೆಂಚ್ ಪ್ರೆಸ್ ಮಾಡುತ್ತಿದ್ದೀರಿ, ಬೆಂಚಿನ ಜಾಗದಲ್ಲಿ ನಿಮ್ಮ ಸೊಂಟದ ಮೂಳೆಗಳಿವೆ.

ಈ ವಾಲುವಿಕೆಯೇ ಪ್ರೆಸ್ ಅನ್ನು ಒಲಿಂಪಿಕ್ಸ್‌ನಿಂದ ಹೊರಗೆ ಹಾಕಿಸಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ವರೆಗೆ ವೇಟ್‌ಲಿಫ್ಟಿಂಗ್‌ನಲ್ಲಿ ಪ್ರೆಸ್, ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಅಂತ ಮೂರು ಬಗೆ ಇತ್ತು. ಸ್ಪರ್ಧಿಗಳು ವರ್ಷದಿಂದ ವರ್ಷಕ್ಕೆ ಜಾಸ್ತಿ ಬಾಗುತ್ತಾ ಹೋದರು. ಎಲ್ಲಿವರೆಗೆ ಸರಿ, ಎಲ್ಲಿಂದ ತಪ್ಪು ಅಂತ ತೀರ್ಪು ಕೊಡುವುದೇ ಕಷ್ಟವಾಯಿತು. ಆ ಒಲಿಂಪಿಕ್ಸ್ ಮುಗಿದ ಮೇಲೆ ಪ್ರೆಸ್ ತೆಗೆದುಹಾಕಿದರು. 2000ದಲ್ಲಿ ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿ ಕಂಚು ಗೆದ್ದಾಗಲೂ, 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ ಬೆಳ್ಳಿ ಗೆದ್ದಾಗಲೂ ಇದ್ದದ್ದು ಉಳಿದ ಎರಡೇ. ಅವರು ಕೊನೆಗೆ ತಲೆ ಮೇಲೆ ಎತ್ತುವ ಜರ್ಕ್‌ನಲ್ಲಿ ಮೊಣಕಾಲು ಬಗ್ಗಿಸಿ, ಕಾಲಿನ ಬಲದಿಂದ ರಾಡ್ ಹಾರಿಸುತ್ತಾರೆ. ಅದು ಬೇರೆಯದೇ ವಿದ್ಯೆ. ಅದನ್ನು ನೋಡಿ ಪ್ರೆಸ್‌ನಲ್ಲೂ ಮೊಣಕಾಲು ಕುಲುಕಿಸಿದರೆ ಭುಜದ ಪಾಲಿನ ಕೆಲಸವನ್ನು ಕಾಲಿಗೆ ಕೊಟ್ಟಂತೆ.

ಗಲ್ಲ ಸರಿಸುವಾಗ ಮೈ ಚೂರು ಹಿಂದೆ ಹೋಗುವುದು ಸಹಜ. ಅದು ಸೊಂಟದಿಂದ ಆಗಬೇಕು, ಕೆಳಬೆನ್ನು ಕಮಾನಾಗಿ ಅಲ್ಲ. ಮೊಬೈಲನ್ನು ಸೊಂಟದ ಎತ್ತರಕ್ಕೆ ಬದಿಯಲ್ಲಿಟ್ಟು ಕೊನೆಯ ಸೆಟ್ (ಬಿಡುವಿಲ್ಲದೆ ಮಾಡುವ ರೆಪ್‌ಗಳ ಒಂದು ಕಂತು) ವಿಡಿಯೋ ಮಾಡಿ. ಎದುರಿನ ಕನ್ನಡಿಯಲ್ಲಿ ಇದು ಕಾಣುವುದೇ ಇಲ್ಲ.

ಕತ್ತಿನ ಹಿಂದೆ ರಾಡ್ ಇಳಿಸಿ ಮಾಡುವ ಪ್ರೆಸ್ ಬಗ್ಗೆಯೂ ಕೇಳುತ್ತಾರೆ. ಭುಜ ಚೆನ್ನಾಗಿ ತೆರೆದುಕೊಳ್ಳುವ ಕೆಲವರಿಗೆ ಅದು ಆಗಿಬರುತ್ತದೆ. ಮೇಲಿನ ಗೋಡೆ ಪರೀಕ್ಷೆಯಲ್ಲೇ ಒದ್ದಾಡಿದವರು ಅದರ ತಂಟೆಗೆ ಹೋಗಬೇಡಿ.

ಎಷ್ಟು ವೇಟ್, ಎಷ್ಟು ಸಲ

ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಮೂರು ಸೆಟ್, ಸೆಟ್‌ಗೆ 5ರಿಂದ 8 ರೆಪ್. ಕೊನೆಯ ಸೆಟ್ ಮುಗಿದಾಗ ಇನ್ನೂ ಎರಡು ರೆಪ್ ಆಗುತ್ತಿತ್ತು ಅನಿಸಬೇಕು. ಸೆಟ್‌ಗಳ ನಡುವೆ ಎರಡು ಮೂರು ನಿಮಿಷ ಸುಧಾರಿಸಿಕೊಳ್ಳಿ.

ನೇರ ಭಾರಕ್ಕೆ ಕೈ ಹಾಕಬೇಡಿ. 30 ಕೆಜಿ ನಿಮ್ಮ ಆ ದಿನದ ವೇಟ್ ಆದರೆ, ಮೊದಲು ಖಾಲಿ 20 ಕೆಜಿ ರಾಡ್ ಎರಡು ಸೆಟ್, ಐದೈದು ರೆಪ್. ಆಮೇಲೆ 25 ಕೆಜಿ ಮೂರು ರೆಪ್. ಆಮೇಲೆ 30. ಖಾಲಿ ರಾಡೇ ಭಾರ ಅನಿಸುವವರು ಡಂಬಲ್ಸ್‌ನಿಂದ ಶುರು ಮಾಡಿ, ಕೈಗೆ 3 ಕೆಜಿ ಆದರೂ ಸರಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ. ಡಂಬಲ್ಸ್‌ಗೆ ಮುಖ ಅಡ್ಡ ಬರುವುದಿಲ್ಲ. ಎರಡನ್ನೂ ಭುಜದ ಪಕ್ಕದಲ್ಲಿ ಹಿಡಿದು, ಮೊಣಕೈಯನ್ನು ಪೂರ್ತಿ ಪಕ್ಕಕ್ಕೆ ಚಾಚದೆ ಸ್ವಲ್ಪ ಮುಂದೆ ಇಟ್ಟು ತಳ್ಳಿ.

ಪ್ರೆಸ್ ನಿಧಾನವಾಗಿ ಏರುವ ವ್ಯಾಯಾಮ. ಸ್ಕ್ವಾಟ್‌ನಲ್ಲಿ 5 ಕೆಜಿ ಸೇರಿಸುವಷ್ಟು ಸಲೀಸಾಗಿ ಇಲ್ಲಿ ಆಗದು. ಹೆಚ್ಚಿನ ಜಿಮ್‌ಗಳಲ್ಲಿ ಸಿಗುವ ಅತಿ ಸಣ್ಣ ಪ್ಲೇಟ್ 1.25 ಕೆಜಿಯದು. ಎರಡೂ ಕಡೆ ಹಾಕಿದರೆ ಒಮ್ಮೆಲೇ 2.5 ಕೆಜಿ. 25 ಕೆಜಿ ತಳ್ಳುವವರಿಗೆ ಅದು ಹತ್ತರಲ್ಲಿ ಒಂದು ಪಾಲು ಹೆಚ್ಚಿದಂತೆ. ಆದ್ದರಿಂದ ಮೊದಲು ರೆಪ್ ಏರಿಸಿ. ಮೂರೂ ಸೆಟ್‌ನಲ್ಲಿ 8 ಸಲೀಸಾಗಿ ಬಂದ ಮೇಲೆ ಪ್ಲೇಟ್ ಸೇರಿಸಿ, ಮತ್ತೆ 5ರಿಂದ ಶುರು ಮಾಡಿ. ಅರ್ಧ ಕೆಜಿಯ ಒಂದು ಜೊತೆ ಪ್ಲೇಟ್ ಕೊಂಡು ಬ್ಯಾಗಿನಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಎರಡು ಮೂರು ವಾರ ಒಂದೇ ಕಡೆ ನಿಂತರೆ ಶೇ. 10ರಷ್ಟು ವೇಟ್ ಇಳಿಸಿ ಮತ್ತೆ ಹತ್ತಿ.

ಪ್ರೆಸ್ ಮುಖ್ಯವಾಗಿ ಭುಜದ ಮುಂಭಾಗವನ್ನು ಬೆಳೆಸುತ್ತದೆ. ಪಕ್ಕಕ್ಕೆ ಲ್ಯಾಟರಲ್ ರೈಸ್ (ಡಂಬಲ್ಸ್ ಪಕ್ಕಕ್ಕೆ ಎತ್ತುವುದು), ಹಿಂಭಾಗಕ್ಕೆ ಫೇಸ್ ಪುಲ್ (ಕೇಬಲ್ ಅನ್ನು ಮುಖದ ಕಡೆ ಎಳೆಯುವುದು) ಸೇರಿಸಿ. ತಳ್ಳಿದಷ್ಟೇ ಎಳೆಯುವ ಕೆಲಸವೂ ಇರಲಿ, ಅಂದರೆ ರೋ (ಭಾರವನ್ನು ಹೊಟ್ಟೆಯ ಕಡೆ ಎಳೆಯುವುದು) ಮತ್ತು ಪುಲ್ ಡೌನ್ (ಮೇಲಿರುವ ರಾಡನ್ನು ಎದೆಯ ಕಡೆ ಎಳೆಯುವುದು).

ನೋವು ಬಂದರೆ

ಮಾರನೇ ದಿನ ತೋಳಿನ ಮೇಲ್ಭಾಗ ಹಿಡಿದುಕೊಂಡಂತೆ ಇದ್ದರೆ ಗಾಬರಿ ಬೇಡ, ಅದು ಕೆಲಸ ಮಾಡಿದ ಸ್ನಾಯುವಿನ ನೋವು. ಎತ್ತುವಾಗ ಕೈ ಅರ್ಧಕ್ಕೆ ಬಂದಾಗ ಭುಜದ ತುದಿಯಲ್ಲಿ ಚುಚ್ಚಿದಂತಾದರೆ ಆ ಸೆಟ್ ಅಲ್ಲಿಗೇ ನಿಲ್ಲಿಸಿ. ಹಗುರ ಡಂಬಲ್ಸ್ ತೆಗೆದುಕೊಂಡು, ಅಂಗೈಗಳು ಒಂದನ್ನೊಂದು ನೋಡುವಂತೆ ಹಿಡಿದು ಪ್ರಯತ್ನಿಸಿ. ಅದರಲ್ಲೂ ನೋವಿದ್ದರೆ ಲ್ಯಾಂಡ್‌ಮೈನ್‌ಗೆ ಬನ್ನಿ. ನೋವಿನ ಮೇಲೆಯೇ ಸ್ಪ್ರೇ ಹೊಡೆದುಕೊಂಡು ಮುಂದುವರಿಸುವುದನ್ನು ಜಿಮ್‌ಗಳಲ್ಲಿ ನೋಡುತ್ತಿರುತ್ತೇನೆ, ದಯವಿಟ್ಟು ಹಾಗೆ ಮಾಡಬೇಡಿ.

ರಾತ್ರಿ ಆ ಭುಜದ ಮೇಲೆ ಮಲಗಲು ಆಗದಿದ್ದರೆ, ಬೆರಳಿಗೆ ಜೋಮು ಇಳಿದರೆ, ಕೈ ಎತ್ತುವ ಬಲವೇ ಇದ್ದಕ್ಕಿದ್ದಂತೆ ಕಡಿಮೆಯಾದರೆ ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು, ಅದರಲ್ಲೂ ನಲವತ್ತು ದಾಟಿದವರು ಇನ್ನೊಂದನ್ನು ಗಮನಿಸಬೇಕು. ಅವರಲ್ಲಿ ಫ್ರೋಜನ್ ಶೋಲ್ಡರ್ ಬೇರೆಯವರಿಗಿಂತ ಹೆಚ್ಚು. ಭುಜ ದಿನೇದಿನೇ ಬಿಗಿಯಾಗುತ್ತಾ, ತಲೆ ಬಾಚಲು, ಅಂಗಿಯ ತೋಳು ಹಾಕಿಕೊಳ್ಳಲು ಕಷ್ಟವಾಗುತ್ತಿದ್ದರೆ ಅದನ್ನು ವೇಟ್ ಹಾಕಿ ಸಡಿಲ ಮಾಡಲು ಹೋಗಬೇಡಿ. ಮೊದಲು ತಪಾಸಣೆ ಮಾಡಿಸಿಕೊಳ್ಳಿ. ಡಾಕ್ಟರ್ ಒಪ್ಪಿದ ಮೇಲೆ ಮಾಪ್ ಕೋಲಿನಿಂದ, ಗೋಡೆಯ ಮುಂದೆ ಶುರು ಮಾಡಿ.